ಒಂದೇ ಯಂತ್ರದಲ್ಲಿ ಹಲವು ಸರ್ವರ್: ಮೆಮೊರಿಯ ಕೊರತೆಯನ್ನು ಪತ್ತೆ ಹಚ್ಚುವ ಬಗೆ

ತಿಂಗಳ 20ನೆಯ ತಾರೀಖು. ಜಿಎಸ್‌ಟಿಆರ್-3ಬಿ ವಿವರಪಟ್ಟಿಯನ್ನು ಸಲ್ಲಿಸಲು ಕೊನೆಯ ದಿನ. ಲೆಕ್ಕಪತ್ರ ವಿಭಾಗದವರೆಲ್ಲರೂ ಏಕಕಾಲಕ್ಕೆ ತಂತ್ರಾಂಶವನ್ನು ತೆರೆದು ಕುಳಿತಿದ್ದಾರೆ. ಕಾರ್ಖಾನೆಯ ಗೇಟಿನ ಬಳಿ ಸರಕು ತುಂಬಿದ ಲಾರಿ ಇ-ವೇ ಬಿಲ್ಲಿಗಾಗಿ ಕಾದು ನಿಂತಿದೆ. ಸರಿಯಾಗಿ ಆ ಹೊತ್ತಿಗೆ ಪರದೆಗಳು ಸ್ತಬ್ಧವಾಗುತ್ತವೆ, ಇಲ್ಲವೇ ಬಿಲ್ಲಿಂಗ್ ಸರ್ವರ್ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಯಂತ್ರ ಒದಗಿಸಿದವರನ್ನು ವಿಚಾರಿಸಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಮೆಮೊರಿ ಸಾಲುತ್ತಿಲ್ಲ ಸಾರ್, ಇನ್ನಷ್ಟು ರ‍್ಯಾಮ್ ಹಾಕಿಸಿ." ಹಣ ತೆತ್ತು ಹಾಕಿಸಿದ ಮೇಲೂ ಕೆಲವು ತಿಂಗಳಲ್ಲಿ ಅದೇ ತೊಂದರೆ ಮರುಕಳಿಸುವುದುಂಟು.

ಮೆಮೊರಿ ಸಾಲುತ್ತಿಲ್ಲ ಎಂಬುದು ಜ್ವರವಿದೆ ಎಂದಂತೆ. ಅದರಿಂದ ಕಾಯಿಲೆ ಯಾವುದೆಂದು ತಿಳಿಯುವುದಿಲ್ಲ. ಒಂದೇ ಯಂತ್ರದಲ್ಲಿ ಹಲವು ವರ್ಚುಯಲ್ ಸರ್ವರ್‌ಗಳು ನಡೆಯುತ್ತಿರುವಾಗ ಮೆಮೊರಿಯ ಮಿತಿ ನಾಲ್ಕು ಬೇರೆ ಬೇರೆ ಸ್ತರಗಳಲ್ಲಿ ಇರುತ್ತದೆ. ಕೊರತೆ ಯಾವ ಸ್ತರದಲ್ಲಿದೆಯೋ ಅಲ್ಲಿಯೇ ಪರಿಹಾರ ದೊರಕಬೇಕು. ಬೇರೆ ಸ್ತರದಲ್ಲಿ ಸುರಿದ ಹಣ ವ್ಯರ್ಥವಾಗುತ್ತದೆ. ಸದಸ್ಯ ಉದ್ಯಮಿಗಳು ತಮ್ಮ ಗಣಕ ಸಿಬ್ಬಂದಿಯನ್ನಾಗಲಿ ಸರಬರಾಜುದಾರರನ್ನಾಗಲಿ ಸರಿಯಾದ ಪ್ರಶ್ನೆ ಕೇಳಲು ಅನುಕೂಲವಾಗುವಂತೆ ಈ ನಾಲ್ಕು ಸ್ತರಗಳನ್ನು ಇಲ್ಲಿ ವಿವರಿಸಲಾಗಿದೆ.

ವರ್ಚುಯಲ್ ಸರ್ವರ್ ಎಂದರೇನು?

ಒಂದು ಭೌತಿಕ ಯಂತ್ರದ ಪ್ರೊಸೆಸರ್, ಮೆಮೊರಿ ಹಾಗೂ ಡಿಸ್ಕ್‌ಗಳನ್ನು ತಂತ್ರಾಂಶದ ಮೂಲಕ ವಿಭಾಗಿಸಿ, ಪ್ರತಿಯೊಂದು ಭಾಗವೂ ಸ್ವತಂತ್ರ ಯಂತ್ರದಂತೆ ವರ್ತಿಸುವ ಹಾಗೆ ಮಾಡಿದಾಗ ಆ ಭಾಗವನ್ನು ವರ್ಚುಯಲ್ ಸರ್ವರ್ ಎನ್ನುತ್ತಾರೆ. ವಿಭಾಗಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂಬ ಹೆಸರಿದೆ. ಈ ವಿಚಾರ ಹೊಸದೇನಲ್ಲ. ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ತನ್ನ ಬೃಹತ್ ಗಣಕಗಳಲ್ಲಿ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಸಾಮಾನ್ಯ ದರದ ಸರ್ವರ್‌ಗಳಿಗೆ ಈ ಸೌಲಭ್ಯ ಒದಗಿದ್ದು 1998ರಲ್ಲಿ ವಿಎಂವೇರ್ ಸಂಸ್ಥೆ ಸ್ಥಾಪನೆಯಾದ ಬಳಿಕ. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಝೆನ್, 2007ರಲ್ಲಿ ಲಿನಕ್ಸ್‌ನ ಭಾಗವಾಗಿಯೇ ಕೆವಿಎಂ, 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂದವು. 2005 ಹಾಗೂ 2006ರಲ್ಲಿ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿಯೇ ಇದಕ್ಕೆ ಬೆಂಬಲ ದೊರೆತದ್ದರಿಂದ ಬಳಕೆ ವೇಗವಾಗಿ ಹರಡಿತು.

ಸಣ್ಣ ಉದ್ದಿಮೆಗೆ ಇದರ ಲಾಭ ಸ್ಪಷ್ಟ. ಬಿಲ್ಲಿಂಗ್, ಹಾಜರಾತಿ, ಇ-ಮೇಲ್, ಕಡತ ಸಂಗ್ರಹ ಇವುಗಳಿಗೆ ಐದಾರು ಯಂತ್ರಗಳನ್ನು ಕೊಳ್ಳುವ ಬದಲು ಒಂದೇ ಯಂತ್ರ, ಒಂದೇ ಯುಪಿಎಸ್, ಒಂದೇ ಹವಾನಿಯಂತ್ರಣ ಸಾಕಾಗುತ್ತದೆ. ಆದರೆ ವಠಾರದ ಎಲ್ಲ ಮನೆಗಳಿಗೂ ಒಂದೇ ಬಾವಿಯಾದಾಗ ಒಂದು ಮನೆಯ ಬಳಕೆ ಇನ್ನೊಂದು ಮನೆಗೆ ತಟ್ಟುವಂತೆ ಇಲ್ಲಿಯೂ ಆಗುತ್ತದೆ. ಹಾಗೆ ಮೊದಲು ತಟ್ಟುವುದು ಸಾಮಾನ್ಯವಾಗಿ ಮೆಮೊರಿಯಲ್ಲಿ.

ಮೆಮೊರಿಯ ಹಂಚಿಕೆ ಏಕೆ ಭಿನ್ನ?

ಪ್ರೊಸೆಸರ್ ಎಂಬುದು ಒಬ್ಬ ಕುಶಲ ಕೆಲಸಗಾರನಿದ್ದಂತೆ. ಹತ್ತು ಮಂದಿ ಕೆಲಸ ಕೊಟ್ಟರೆ ಸರದಿಯ ಮೇಲೆ ಮಾಡಿಕೊಡುತ್ತಾನೆ. ಪ್ರತಿಯೊಬ್ಬರಿಗೂ ತುಸು ವಿಳಂಬವಾದೀತು, ಕೆಲಸ ನಿಲ್ಲುವುದಿಲ್ಲ. ಮೆಮೊರಿಯಾದರೋ ಅಂಗಡಿಯೊಳಗಿನ ಜಾಗವಿದ್ದಂತೆ. ಒಬ್ಬರ ಮೂಟೆ ಇಟ್ಟ ಜಾಗದಲ್ಲಿ, ಅದನ್ನು ತೆಗೆಯುವ ತನಕ, ಇನ್ನೊಬ್ಬರ ಮೂಟೆ ಇಡಲು ಬರುವುದಿಲ್ಲ. ಜಾಗ ಮುಗಿದಾಗ ಉಳಿಯುವ ದಾರಿ ಒಂದೇ: ಸದ್ಯಕ್ಕೆ ಬೇಡವೆಂದು ತೋರಿದ ಮೂಟೆಯನ್ನು ಊರಾಚೆಯ ಗೋದಾಮಿಗೆ ಸಾಗಿಸಿ, ಬೇಕಾದಾಗ ಮತ್ತೆ ತರಿಸುವುದು. ಗಣಕದಲ್ಲಿ ಈ ಗೋದಾಮೆಂದರೆ ಡಿಸ್ಕ್. ಈ ಸಾಗಾಟವನ್ನು ಸ್ವ್ಯಾಪ್ ಎನ್ನುತ್ತಾರೆ.

ಸಾಗಾಟದ ವೆಚ್ಚವನ್ನು ಅಂಕಿಗಳಲ್ಲಿ ನೋಡಿದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಮೆಮೊರಿಯಿಂದ ಒಂದು ಮಾಹಿತಿಯನ್ನು ಪಡೆಯಲು ಸುಮಾರು 100 ನ್ಯಾನೋಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ಪಡೆಯಲು ಸುಮಾರು 100 ಮೈಕ್ರೋಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು. ಆದ್ದರಿಂದ ಮೆಮೊರಿಯ ಕೊರತೆ ಎಷ್ಟೋ ಬಾರಿ ಮೆಮೊರಿಯ ಕೊರತೆಯಾಗಿ ಕಾಣಿಸುವುದಿಲ್ಲ. ಡಿಸ್ಕ್ ನಿಧಾನವಾಗಿದೆ, ನೆಟ್‌ವರ್ಕ್ ಸರಿಯಿಲ್ಲ, ತಂತ್ರಾಂಶ ಹಳತಾಯಿತು ಎಂಬ ದೂರುಗಳ ರೂಪದಲ್ಲಿ ಅದು ಪ್ರಕಟವಾಗುತ್ತದೆ.

ಇರುವುದಕ್ಕಿಂತ ಹೆಚ್ಚಿನ ಮಂಜೂರಾತಿ

ಬ್ಯಾಂಕು ತನ್ನ ಗ್ರಾಹಕರಿಗೆ ಓವರ್‌ಡ್ರಾಫ್ಟ್ ಮಂಜೂರು ಮಾಡುವಾಗ, ಎಲ್ಲರೂ ಒಂದೇ ದಿನ ಪೂರ್ತಿ ಮಿತಿಯನ್ನು ಬಳಸುವುದಿಲ್ಲವೆಂಬ ಅಂದಾಜನ್ನು ಇಟ್ಟುಕೊಂಡಿರುತ್ತದೆ. ಹಲವು ಹೈಪರ್‌ವೈಸರ್‌ಗಳೂ ಹೀಗೆಯೇ 64 ಜಿ.ಬಿ. ಮೆಮೊರಿ ಇರುವ ಯಂತ್ರದಲ್ಲಿ ಒಟ್ಟು 80 ಜಿ.ಬಿ. ಮಂಜೂರು ಮಾಡಲು ಅವಕಾಶ ಕೊಡುತ್ತವೆ. ಮಾಮೂಲು ದಿನಗಳಲ್ಲಿ ಇದು ನಿಭಾಯಿಸುತ್ತದೆ. ಆದರೆ ನಮ್ಮ ಕಚೇರಿಗಳಲ್ಲಿ ಜಿಎಸ್‌ಟಿಆರ್-1ರ 11ನೆಯ ತಾರೀಖು, 3ಬಿಯ 20ನೆಯ ತಾರೀಖು, ಸಂಬಳದ ದಿನ, ವರ್ಷಾಂತ್ಯದ ದಾಸ್ತಾನು ಲೆಕ್ಕ ಇವೆಲ್ಲ ಎಲ್ಲರೂ ಒಟ್ಟಿಗೆ ಖಾತೆಯಿಂದ ಹಣ ತೆಗೆಯುವ ದಿನಗಳು. ಕೊರತೆ ಕಾಣಿಸಿಕೊಳ್ಳುವುದು ಅಂದೇ.

ಕೊರತೆ ಬಂದಾಗ ಹೈಪರ್‌ವೈಸರ್ ಕೆಲವು ಉಪಾಯಗಳನ್ನು ಹೂಡುತ್ತದೆ. ಇವುಗಳಲ್ಲಿ ಮುಖ್ಯವಾದ ಎರಡನ್ನು ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು.

ಮೊದಲನೆಯದು ಪುಟಗಳ ಹಂಚಿಕೆ. ಹಲವು ಸರ್ವರ್‌ಗಳಲ್ಲಿ ಒಂದೇ ವಿಧದ ಮಾಹಿತಿ ಇದ್ದರೆ ಅದರ ಒಂದೇ ಪ್ರತಿಯನ್ನು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ತೋರಿಸುವ ಕ್ರಮವಿದು. ಇದರ ಮೂಲಕ ಒಂದು ಸರ್ವರ್‌ನ ಗುಟ್ಟನ್ನು ಇನ್ನೊಂದು ಸರ್ವರ್ ಊಹಿಸಬಹುದೆಂದು ಸಂಶೋಧಕರು ತೋರಿಸಿಕೊಟ್ಟ ಮೇಲೆ, ಬೇರೆ ಬೇರೆ ಸರ್ವರ್‌ಗಳ ನಡುವಿನ ಈ ಹಂಚಿಕೆಯನ್ನು ಬಳಕೆದಾರರು ತಾವಾಗಿ ಆರಿಸಿಕೊಳ್ಳದ ಹೊರತು ನಿಲ್ಲಿಸಲಾಗುವುದೆಂದು ವಿಎಂವೇರ್ 2014ರಲ್ಲಿ ಪ್ರಕಟಿಸಿತು. ಆದ್ದರಿಂದ ಹಳೆಯ ಲೇಖನಗಳಲ್ಲಿ ಓದಿದ ಉಳಿತಾಯವನ್ನು ಈಗ ನಂಬಿ ಕೂರುವಂತಿಲ್ಲ.

ಎರಡನೆಯದು ಬಲೂನ್ ವಿಧಾನ. ವರ್ಚುಯಲ್ ಸರ್ವರ್‌ನ ಒಳಗೆ ಒಂದು ಚಿಕ್ಕ ಡ್ರೈವರ್ ಇದ್ದು, ಹೈಪರ್‌ವೈಸರ್ ಕೇಳಿದಾಗ ಅದು ಬಲೂನಿನಂತೆ ಉಬ್ಬಿ ಮೆಮೊರಿಯನ್ನು ಹಿಡಿದುಕೊಂಡು, ಆ ಭಾಗವನ್ನು ಮೂಲ ಯಂತ್ರಕ್ಕೆ ಹಿಂದಿರುಗಿಸುತ್ತದೆ. ತನಗೆ ಯಾವುದು ಬೇಡವೆಂಬುದನ್ನು ಸರ್ವರ್ ತಾನೇ ನಿರ್ಧರಿಸುವುದರಿಂದ ಹಾನಿ ಕಡಿಮೆ. ಆದರೆ ಈ ಡ್ರೈವರ್ ಇದ್ದರೆ ಮಾತ್ರ ಇದು ಸಾಧ್ಯ. ವಿಎಂವೇರ್ ಟೂಲ್ಸ್ ಅಥವಾ ಕೆವಿಎಂನ ವಿಂಡೋಸ್ ಡ್ರೈವರ್‌ಗಳನ್ನು ಸ್ಥಾಪಿಸದೆ ಬಿಟ್ಟಿರುವ ಸರ್ವರ್‌ಗಳು ನಮ್ಮಲ್ಲಿ ಸಾಕಷ್ಟಿವೆ.

ಈ ಎರಡೂ ಸಾಲದಾದಾಗ ಮೂಲ ಯಂತ್ರವೇ ವರ್ಚುಯಲ್ ಸರ್ವರ್‌ಗಳ ಮೆಮೊರಿಯನ್ನು ಡಿಸ್ಕಿಗೆ ಸಾಗಿಸತೊಡಗುತ್ತದೆ. ಯಾವ ಮಾಹಿತಿ ಮುಖ್ಯ, ಯಾವುದು ಅಮುಖ್ಯ ಎಂಬುದು ಅದಕ್ಕೆ ಹೊರಗಿನಿಂದ ತಿಳಿಯುವುದಿಲ್ಲ. ಈಗಷ್ಟೇ ಬೇಕಾಗುವ ಮೂಟೆಯನ್ನೇ ಗೋದಾಮಿಗೆ ಕಳುಹಿಸಿಬಿಡಬಹುದು. ಇದು ಅತ್ಯಂತ ಕೆಟ್ಟ ಸ್ಥಿತಿ.

ಲಕ್ಷಣಗಳಿಂದ ಗುರುತಿಸುವುದು

ತಪಾಸಣೆಗೆ ತೊಡಗುವ ಮೊದಲು ತೊಂದರೆಯ ಸ್ವರೂಪವನ್ನು ಬರೆದಿಟ್ಟುಕೊಳ್ಳಬೇಕು. ಸ್ವರೂಪದಿಂದಲೇ ಅರ್ಧ ಉತ್ತರ ದೊರೆಯುತ್ತದೆ.

1. ಎಲ್ಲ ಸರ್ವರ್‌ಗಳೂ ಒಟ್ಟಿಗೆ ನಿಧಾನವಾಗಿ, ಡಿಸ್ಕಿನ ದೀಪ ಎಡೆಬಿಡದೆ ಉರಿಯುತ್ತಿದ್ದರೆ, ಮೂಲ ಯಂತ್ರವೇ ಸ್ವ್ಯಾಪ್ ಮಾಡುತ್ತಿರುವ ಸಂಭವ ಹೆಚ್ಚು.

2. ಒಂದು ಸರ್ವರ್ ಮಾತ್ರ ನಿಧಾನವಾಗಿ ಉಳಿದವು ಸರಿಯಿದ್ದರೆ, ಆ ಸರ್ವರ್‌ಗೆ ಕೊಟ್ಟ ಪಾಲು ಅಥವಾ ಅದರ ಮೇಲೆ ಹಾಕಿದ ಮಿತಿ ಕಾರಣ.

3. ಒಂದು ಸರ್ವರ್ ಮುನ್ಸೂಚನೆಯಿಲ್ಲದೆ ನಿಂತುಹೋಗಿ, ಒಳಗಿನ ದಾಖಲೆಗಳಲ್ಲಿ ಏನೂ ಕಾರಣ ಕಾಣದಿದ್ದರೆ, ಮೂಲ ಯಂತ್ರದ ದಾಖಲೆಯನ್ನು ನೋಡಬೇಕು. ಲಿನಕ್ಸ್ ಆಧಾರಿತ ಕೆವಿಎಂನಲ್ಲಿ ಪ್ರತಿ ವರ್ಚುಯಲ್ ಸರ್ವರ್ ಒಂದು ಸಾಮಾನ್ಯ ಪ್ರೋಗ್ರಾಮಿನಂತೆ ನಡೆಯುತ್ತದೆ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಒಂದು ಪ್ರೋಗ್ರಾಮನ್ನು ಬಲವಂತವಾಗಿ ಕೊನೆಗಾಣಿಸಿ ಉಳಿದವನ್ನು ಕಾಪಾಡಿಕೊಳ್ಳುತ್ತದೆ. ಆಗ ಅದು ಮುಖ್ಯವಾಗಿ ನೋಡುವುದು ಯಾವುದು ಹೆಚ್ಚು ಮೆಮೊರಿ ಹಿಡಿದಿದೆ ಎಂಬುದನ್ನು. ಅತಿ ಹೆಚ್ಚು ಮೆಮೊರಿ ಪಡೆದ ಸರ್ವರ್ ಸಾಮಾನ್ಯವಾಗಿ ಲೆಕ್ಕಪತ್ರದ ಸರ್ವರ್ ಆಗಿರುವುದರಿಂದ, ಎಲ್ಲಕ್ಕಿಂತ ಮುಖ್ಯವಾದದ್ದೇ ಮೊದಲು ಬಲಿಯಾಗುತ್ತದೆ. ಅದಕ್ಕೆ ಇದು ವಿದ್ಯುತ್ ಕಡಿತವಾದಂತೆಯೇ ಸರಿ. ನಮೂದಾಗುತ್ತಿದ್ದ ವೋಚರ್ ಕಳೆದುಹೋಗಬಹುದು.

4. ಹೊಸ ಸರ್ವರ್ ಪ್ರಾರಂಭವಾಗಲು ನಿರಾಕರಿಸಿದರೆ, ಅದು ಹೈಪರ್-ವಿಯಂತಹ ವ್ಯವಸ್ಥೆಯ ಎಚ್ಚರಿಕೆ. ಇಲ್ಲದ ಮೆಮೊರಿಯನ್ನು ಮಂಜೂರು ಮಾಡುವುದಕ್ಕಿಂತ ಪ್ರಾರಂಭಿಸದಿರುವುದೇ ಮೇಲೆಂಬ ಧೋರಣೆ ಅದರದು.

5. ಸರ್ವರ್‌ನಲ್ಲಿ ಮೆಮೊರಿ ಖಾಲಿ ಇದ್ದರೂ ತಂತ್ರಾಂಶ "ಮೆಮೊರಿ ಸಾಲದು" ಎಂಬ ಸಂದೇಶ ತೋರಿಸಿದರೆ, ಮಿತಿ ತಂತ್ರಾಂಶದ ಒಳಗಿದೆ.

6. ಯಾವ ಪ್ರೋಗ್ರಾಮೂ ಹೆಚ್ಚು ಬಳಸದಿದ್ದರೂ ಸರ್ವರ್‌ನ ಮೆಮೊರಿ ತುಂಬಿದಂತೆ ಕಂಡರೆ, ಒಳಗೆ ಬಲೂನ್ ಉಬ್ಬಿರುವ ಸಾಧ್ಯತೆಯಿದೆ. ಹಾಗಿದ್ದಲ್ಲಿ ಕೊರತೆಯ ಮೂಲ ಆ ಸರ್ವರ್‌ನ ಹೊರಗಿದೆ.

ನಾಲ್ಕು ಸ್ತರಗಳ ತಪಾಸಣೆ

ಮೊದಲನೆಯ ಸ್ತರ, ತಂತ್ರಾಂಶ. ತಪಾಸಣೆಯನ್ನು ಒಳಗಿನಿಂದ ಹೊರಕ್ಕೆ ಮಾಡುತ್ತ ಹೋಗುವುದು ಕ್ಷೇಮ. ಬಹಳಷ್ಟು ಬಿಲ್ಲಿಂಗ್ ತಂತ್ರಾಂಶಗಳು ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯ ಮೇಲೆ ನಡೆಯುತ್ತವೆ. ಈ ಆವೃತ್ತಿಯು ದತ್ತಾಂಶವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಲು 2014ರ ತನಕ 1 ಜಿ.ಬಿ.ಯನ್ನು, 2016ರಿಂದೀಚೆಗೆ 1,410 ಎಂ.ಬಿ.ಯನ್ನು ಮಾತ್ರ ಬಳಸಿಕೊಳ್ಳುತ್ತದೆ. ಸರ್ವರ್‌ಗೆ 8ರ ಬದಲು 32 ಜಿ.ಬಿ. ಕೊಟ್ಟರೂ ಈ ಮಿತಿ ಬದಲಾಗದು. ಇದಕ್ಕೆ ತದ್ವಿರುದ್ಧವಾಗಿ, ಹಣ ಕೊಟ್ಟು ಪಡೆದ ಆವೃತ್ತಿಯಲ್ಲಿ ಗರಿಷ್ಠ ಮೆಮೊರಿಯ ಮೂಲ ಮೌಲ್ಯ 2,14,74,83,647 ಎಂ.ಬಿ. ಎಂದಿರುತ್ತದೆ. ಅಂದರೆ ಮಿತಿಯೇ ಇಲ್ಲವೆಂದರ್ಥ. ಅದು ಸಿಕ್ಕಷ್ಟನ್ನೂ ಹಿಡಿದುಕೊಳ್ಳುತ್ತ ಹೋಗುತ್ತದೆ. ಇದು ದೋಷವಲ್ಲ, ಅದರ ಸ್ವಭಾವ. ಆದರೆ ಹಲವು ಸರ್ವರ್‌ಗಳಿರುವ ಯಂತ್ರದಲ್ಲಿ ಈ ಮೌಲ್ಯವನ್ನು ನಾವೇ ನಿಗದಿಪಡಿಸಬೇಕು. ಹಳೆಯ 32 ಬಿಟ್ ಪ್ರೋಗ್ರಾಮುಗಳು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 2 ಜಿ.ಬಿ. ಮೀರಲಾರವು. ಜಾವಾ ಆಧಾರಿತ ತಂತ್ರಾಂಶಗಳು, ಬೇರೆ ಸೂಚನೆ ಕೊಡದಿದ್ದರೆ, ತಮಗೆ ಕಾಣುವ ಮೆಮೊರಿಯ ಕಾಲು ಭಾಗವನ್ನು ತಮ್ಮ ದತ್ತಾಂಶದ ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತವೆ.

ಎರಡನೆಯ ಸ್ತರ, ವರ್ಚುಯಲ್ ಸರ್ವರ್‌ನೊಳಗಿನ ಆಪರೇಟಿಂಗ್ ಸಿಸ್ಟಂ. ಹಳೆಯ ತಂತ್ರಾಂಶಕ್ಕಾಗಿ ಉಳಿಸಿಕೊಂಡ 32 ಬಿಟ್‌ನ ವಿಂಡೋಸ್ ಸರ್ವರ್ 2003 ಸ್ಟ್ಯಾಂಡರ್ಡ್ 4 ಜಿ.ಬಿ.ಗಿಂತ ಹೆಚ್ಚನ್ನು ಬಳಸದು. 2008 ಆರ್2 ಸ್ಟ್ಯಾಂಡರ್ಡ್‌ಗೆ ಮಿತಿ 32 ಜಿ.ಬಿ. 2012ರ ಆವೃತ್ತಿಯಲ್ಲಿ ಇದು 4 ಟಿ.ಬಿ.ಗೆ ಏರಿದ್ದರಿಂದ ನಮ್ಮ ಬಳಕೆಗೆ ಮಿತಿಯೇ ಇಲ್ಲವೆನ್ನಬಹುದು. ಮೊದಲೆರಡು ಆವೃತ್ತಿಗಳಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಕ್ರಮವಾಗಿ 2015 ಹಾಗೂ 2020ರಲ್ಲಿ ಮುಗಿದಿರುವುದನ್ನೂ ಇಲ್ಲಿ ನೆನಪಿಡಬೇಕು.

ಲಿನಕ್ಸ್ ಸರ್ವರ್‌ಗಳ ವಿಷಯದಲ್ಲಿ ಒಂದು ತಪ್ಪು ಓದು ಸಾಮಾನ್ಯ. "ಫ್ರೀ" ಎಂಬ ಆದೇಶ ಕೊಟ್ಟಾಗ ಖಾಲಿ ಮೆಮೊರಿ ಅತ್ಯಲ್ಪವೆಂದು ಕಾಣುತ್ತದೆ. ಲಿನಕ್ಸ್ ಸುಮ್ಮನೆ ಬಿದ್ದಿರುವ ಮೆಮೊರಿಯನ್ನು ಡಿಸ್ಕಿನ ಕಡತಗಳ ಪ್ರತಿ ಇಡಲು ಬಳಸಿಕೊಂಡು, ಬೇಕೆಂದಾಗ ಕೂಡಲೇ ಬಿಟ್ಟುಕೊಡುತ್ತದೆ. ಆದ್ದರಿಂದ ನೋಡಬೇಕಾದದ್ದು "ಫ್ರೀ" ಎಂಬ ಕಾಲಮ್ಮನ್ನಲ್ಲ, "ಅವೇಲಬಲ್" ಎಂಬ ಕಾಲಮ್ಮನ್ನು. ಅದು ಸಾಕಷ್ಟಿದ್ದು ಸ್ವ್ಯಾಪ್‌ನ ಓಡಾಟ ಇಲ್ಲದಿದ್ದರೆ ಆ ಸರ್ವರ್‌ಗೆ ಕೊರತೆಯಿಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ "ಕಮಿಟೆಡ್" ಎಂಬ ಅಂಕಿ ಅದರ ಪಕ್ಕದ ಮಿತಿಯನ್ನು ಸಮೀಪಿಸುತ್ತಿದೆಯೇ ಎಂದು ಗಮನಿಸಬೇಕು.

ಮೂರನೆಯ ಸ್ತರ, ಸರ್ವರ್‌ನ ಮೇಲೆ ಹೈಪರ್‌ವೈಸರ್ ಹಾಕಿದ ಮಿತಿ. ವಿಎಂವೇರ್‌ನಲ್ಲಿ ಸರ್ವರ್‌ಗೆ ಕೊಟ್ಟ ಮೆಮೊರಿ ಬೇರೆ, "ಲಿಮಿಟ್" ಎಂಬ ನಮೂದು ಬೇರೆ. ಹಿಂದೊಮ್ಮೆ 2 ಜಿ.ಬಿ. ಲಿಮಿಟ್ ಹಾಕಿ ತಯಾರಿಸಿದ ಮಾದರಿಯಿಂದ ಹೊಸ ಸರ್ವರ್ ಸೃಷ್ಟಿಸಿ, ಅದಕ್ಕೆ 8 ಜಿ.ಬಿ. ಕೊಟ್ಟರೆ, ಒಳಗೆ 8 ಎಂದು ಕಾಣಿಸಿದರೂ ನಿಜವಾದ ಮೆಮೊರಿ ಸಿಗುವುದು 2 ಮಾತ್ರ. ಉಳಿದ 6ನ್ನು ಬಲೂನ್ ಅಥವಾ ಸ್ವ್ಯಾಪ್‌ನಿಂದ ತುಂಬಲಾಗುತ್ತದೆ. ಮೂಲ ಯಂತ್ರದಲ್ಲಿ ಎಷ್ಟೇ ಮೆಮೊರಿ ಖಾಲಿ ಇದ್ದರೂ ಫಲವಿಲ್ಲ. ಈ ಒಂದು ನಮೂದನ್ನು ತೆಗೆದುಹಾಕಿದರೆ ಕಾಸು ಖರ್ಚಿಲ್ಲದೆ ತೊಂದರೆ ನಿವಾರಣೆಯಾಗುತ್ತದೆ. ಹೈಪರ್-ವಿಯಲ್ಲಿ 2011ರಿಂದ ಇರುವ ಡೈನಾಮಿಕ್ ಮೆಮೊರಿ ಸೌಲಭ್ಯವನ್ನು ಬಳಸುತ್ತಿದ್ದರೆ ಅಲ್ಲಿಯ ಗರಿಷ್ಠ ಮೌಲ್ಯವನ್ನು ಇದೇ ರೀತಿ ಪರೀಕ್ಷಿಸಬೇಕು. ಓಪನ್‌ವಿಝೆಡ್‌ನ ಹಳೆಯ ಆವೃತ್ತಿಗಳಲ್ಲಿ "ಯೂಸರ್ ಬೀನ್‌ಕೌಂಟರ್ಸ್" ಎಂಬ ಕಡತವಿದೆ. ಅದರ ಕೊನೆಯ ಕಾಲಮ್ಮು, ಕೇಳಿದ ಮೆಮೊರಿಯನ್ನು ಎಷ್ಟು ಬಾರಿ ನಿರಾಕರಿಸಲಾಯಿತು ಎಂಬುದನ್ನು ಎಣಿಸಿ ಇಡುತ್ತದೆ. ಆ ಸಂಖ್ಯೆ ಏರುತ್ತಿದ್ದರೆ ಮಿತಿ ಅಲ್ಲಿಯೇ ಇದೆ.

ನಾಲ್ಕನೆಯ ಸ್ತರ, ಮೂಲ ಯಂತ್ರ. ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಸ್ವ್ಯಾಪ್‌ನ ಓಡಾಟ ಈ ಕ್ಷಣ ನಡೆಯುತ್ತಿದೆಯೇ? ಸ್ವ್ಯಾಪ್‌ನಲ್ಲಿ ಒಂದಿಷ್ಟು ಮಾಹಿತಿ ಕುಳಿತಿರುವುದು ಅಪಾಯವಲ್ಲ, ಅದು ಒಳಗೂ ಹೊರಗೂ ಎಡೆಬಿಡದೆ ಓಡಾಡುತ್ತಿರುವುದು ಅಪಾಯ. ಲಿನಕ್ಸ್‌ನಲ್ಲಿ "ವಿಎಂಸ್ಟ್ಯಾಟ್" ಆದೇಶದಿಂದ ಇದು ತಿಳಿಯುತ್ತದೆ. ಇನ್ನೊಂದು ಪ್ರಶ್ನೆ, ಮೂಲ ಯಂತ್ರ ತನ್ನ ಸ್ವಂತಕ್ಕೆ ಎಷ್ಟು ಬಳಸುತ್ತಿದೆ? ಇದನ್ನು ಮರೆಯುವವರೇ ಹೆಚ್ಚು. ಉದಾಹರಣೆಗೆ, ಪ್ರಾಕ್ಸ್‌ಮಾಕ್ಸ್ ವ್ಯವಸ್ಥೆಯಲ್ಲಿ ಝೆಡ್‌ಎಫ್‌ಎಸ್ ಮಾದರಿಯ ಡಿಸ್ಕ್ ವ್ಯವಸ್ಥೆಯನ್ನು ಆರಿಸಿಕೊಂಡರೆ, ಅದು ತನ್ನ ಪ್ರತಿಗಳಿಗಾಗಿ ಹಿಂದೆ ಯಂತ್ರದ ಅರ್ಧದಷ್ಟು ಮೆಮೊರಿಯವರೆಗೆ ಬಳಸುತ್ತಿತ್ತು. 2023ರ 8.1 ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸುವಾಗ ಇದನ್ನು ಶೇ. 10ಕ್ಕೆ, ಗರಿಷ್ಠ 16 ಜಿ.ಬಿ.ಗೆ ಮಿತಿಗೊಳಿಸಲಾಗುತ್ತದೆ. ಹಳೆಯ ಆವೃತ್ತಿಯಿಂದ ಮೇಲ್ದರ್ಜೆಗೇರಿಸಿದವರು ಈ ಮೌಲ್ಯವನ್ನು ಖುದ್ದಾಗಿ ಪರೀಕ್ಷಿಸಿಕೊಳ್ಳಬೇಕು.

ಒಂದು ಮಾದರಿ ಲೆಕ್ಕ

64 ಜಿ.ಬಿ. ಮೆಮೊರಿಯ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಏಳು ಸರ್ವರ್‌ಗಳಿವೆ. ಲೆಕ್ಕಪತ್ರ ಮತ್ತು ದತ್ತಾಂಶ 24, ಸಿಬ್ಬಂದಿ ದೂರದಿಂದ ಕೆಲಸ ಮಾಡುವ ಟರ್ಮಿನಲ್ ಸರ್ವರ್ 16, ಕಡತ ಸಂಗ್ರಹ 8, ಇ-ಮೇಲ್ 8, ಹಾಜರಾತಿ 4, ಬಳಕೆದಾರರ ಲಾಗಿನ್ ನಿಯಂತ್ರಣ 4, ತಂತ್ರಾಂಶದ ಪರೀಕ್ಷೆಗೆ 8. ಒಟ್ಟು 72 ಜಿ.ಬಿ. ಮೂಲ ಯಂತ್ರದ ಸ್ವಂತಕ್ಕೆ 6 ಸೇರಿಸಿದರೆ 78. ಇರುವುದಕ್ಕಿಂತ 14 ಜಿ.ಬಿ. ಹೆಚ್ಚು ಮಂಜೂರಾಗಿದೆ.

ಇಲ್ಲಿ ನೇರವಾಗಿ ಮೆಮೊರಿ ಖರೀದಿಗೆ ಹೊರಡುವ ಬದಲು ಒಂದು ತಿಂಗಳ ಕಾಲ ಪ್ರತಿ ಸರ್ವರ್‌ನ ನಿಜವಾದ ಬಳಕೆಯನ್ನು ಬರೆದಿಡೋಣ. ಭಾನುವಾರದ ಅಂಕಿ ನಿಷ್ಪ್ರಯೋಜಕ. 11ನೆಯ ಮತ್ತು 20ನೆಯ ತಾರೀಖಿನ ಮಧ್ಯಾಹ್ನದ ಅಂಕಿಯೇ ಲೆಕ್ಕಕ್ಕೆ ಬರುವಂಥದು. ದಾಖಲೆಯಲ್ಲಿ ಹೀಗೆ ಕಂಡಿತೆನ್ನೋಣ: ಪರೀಕ್ಷಾ ಸರ್ವರನ್ನು ಮೂರು ತಿಂಗಳಿಂದ ಯಾರೂ ಮುಟ್ಟಿಲ್ಲ. ಕಡತ ಸಂಗ್ರಹ 3, ಇ-ಮೇಲ್ 5, ಹಾಜರಾತಿ ಒಂದೂವರೆ, ಟರ್ಮಿನಲ್ ಸರ್ವರ್ 10 ಜಿ.ಬಿ.ಗಿಂತ ಮೇಲೆ ಎಂದೂ ಹೋಗಿಲ್ಲ. ಲೆಕ್ಕಪತ್ರ ಮಾತ್ರ 24ನ್ನೂ ಪೂರ್ತಿ ಹಿಡಿದಿದೆ.

ಆಗ ಪರೀಕ್ಷಾ ಸರ್ವರನ್ನು ನಿಲ್ಲಿಸಿ, ಕಡತ ಸಂಗ್ರಹವನ್ನು 4ಕ್ಕೆ, ಇ-ಮೇಲನ್ನು 6ಕ್ಕೆ, ಹಾಜರಾತಿಯನ್ನು 2ಕ್ಕೆ, ಟರ್ಮಿನಲ್ ಸರ್ವರನ್ನು 12ಕ್ಕೆ ಇಳಿಸಬಹುದು. ಲೆಕ್ಕಪತ್ರದ 24 ಹಾಗೂ ಲಾಗಿನ್ ನಿಯಂತ್ರಣದ 4 ಇದ್ದಂತೆಯೇ ಇರಲಿ. ಈಗ ಒಟ್ಟು 52, ಮೂಲ ಯಂತ್ರದ 6 ಸೇರಿ 58. ಉಳಿಕೆ 6 ಜಿ.ಬಿ. ಲೆಕ್ಕಪತ್ರದ ಸರ್ವರ್‌ನ ಒಳಗೆ ದತ್ತಾಂಶದ ಗರಿಷ್ಠ ಮೆಮೊರಿಯನ್ನು 18 ಜಿ.ಬಿ. ಎಂದು ನಿಗದಿಪಡಿಸಿದರೆ ವಿಂಡೋಸ್‌ಗೂ ಬಿಲ್ಲಿಂಗ್ ತಂತ್ರಾಂಶಕ್ಕೂ ಉಸಿರಾಡಲು ಜಾಗ ಸಿಗುತ್ತದೆ. ಕೊನೆಯದಾಗಿ ಲೆಕ್ಕಪತ್ರದ ಸರ್ವರ್‌ಗೆ ಅದರ ಪೂರ್ತಿ ಪಾಲನ್ನು ಕಾಯ್ದಿರಿಸುವಂತೆ ಹೈಪರ್‌ವೈಸರ್‌ಗೆ ಸೂಚಿಸಬೇಕು. ಮುಂದೆ ಯಾರಾದರೂ ಇನ್ನೊಂದು ಸರ್ವರ್ ಸೇರಿಸಿದರೂ ಅದರ ಹೊರೆ ಬಿಲ್ಲಿಂಗ್‌ನ ಮೇಲೆ ಬೀಳುವುದಿಲ್ಲ.

ಇಳಿಸುವಾಗ ಒಂದು ಎಚ್ಚರಿಕೆ ಅಗತ್ಯ. ಒಮ್ಮೆಗೆ ಒಂದೇ ಸರ್ವರ್‌ನಲ್ಲಿ ಬದಲಾವಣೆ ಮಾಡಿ, ಒಂದು ಬಿಡುವಿಲ್ಲದ ದಿನವನ್ನು ಅದು ದಾಟುವುದನ್ನು ನೋಡಿ, ನಂತರ ಮುಂದಿನದಕ್ಕೆ ಕೈ ಹಾಕಬೇಕು. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ತೊಂದರೆ ಬಂದಾಗ ಕಾರಣ ತಿಳಿಯದು. ರಾತ್ರಿಯ ಬ್ಯಾಕಪ್ ಬೆಳಗಿನ ಕೆಲಸದ ವೇಳೆಗೆ ಹರಿದು ಬರುತ್ತಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಮೆಮೊರಿ ಕೊಳ್ಳುವ ಮುನ್ನ

ಇಷ್ಟೆಲ್ಲ ಮಾಡಿದ ಮೇಲೂ ನಾಲ್ಕನೆಯ ಸ್ತರದಲ್ಲಿ ಕೊರತೆ ಉಳಿದರೆ ಖರೀದಿ ಅನಿವಾರ್ಯ. 2025ರ ದ್ವಿತೀಯಾರ್ಧದಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದ್ದನ್ನು ಕಂಡವರಿಗೆ, ಇದು ಅಂದಾಜಿನ ಮೇಲೆ ಮಾಡುವ ವೆಚ್ಚವಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಯಂತ್ರದ ಮದರ್‌ಬೋರ್ಡ್ ಒಟ್ಟು ಎಷ್ಟನ್ನು ಸ್ವೀಕರಿಸುತ್ತದೆ, ಯಾವ ವಿಧದ ಮಾಡ್ಯೂಲ್ ಬೇಕು ಎಂಬುದನ್ನು ತಯಾರಕರ ಕೈಪಿಡಿಯಿಂದ ತಿಳಿಯಬೇಕು. ಸರ್ವರ್‌ಗಳ ರಿಜಿಸ್ಟರ್ಡ್ ಮಾಡ್ಯೂಲ್‌ಗಳನ್ನೂ ಸಾಮಾನ್ಯ ಮಾಡ್ಯೂಲ್‌ಗಳನ್ನೂ ಬೆರೆಸಿ ಹಾಕುವಂತಿಲ್ಲ. ಮಾಡ್ಯೂಲ್‌ಗಳನ್ನು ಎಲ್ಲ ಚಾನೆಲ್‌ಗಳಲ್ಲೂ ಸಮನಾಗಿ ತುಂಬಿದರೆ ಮಾತ್ರ ಪೂರ್ಣ ವೇಗ ದೊರೆಯುತ್ತದೆ. ಎರಡು ಪ್ರೊಸೆಸರ್ ಇರುವ ಯಂತ್ರದಲ್ಲಿ ಎರಡೂ ಪ್ರೊಸೆಸರ್‌ಗಳ ಬದಿಗೆ ಸಮಪಾಲು ಇರಬೇಕು.

ಲೈಸೆನ್ಸ್‌ನ ಷರತ್ತುಗಳನ್ನೂ ಓದಿಕೊಳ್ಳಬೇಕು. ವಿಎಂವೇರ್ 2011ರಲ್ಲಿ ಮಂಜೂರು ಮಾಡಿದ ಮೆಮೊರಿಯ ಪ್ರಮಾಣಕ್ಕೆ ಅನುಗುಣವಾಗಿ ಲೈಸೆನ್ಸ್ ವಿಧಿಸುವ ಪದ್ಧತಿಯನ್ನು ತಂದು, ಗ್ರಾಹಕರ ವಿರೋಧದ ನಂತರ 2012ರಲ್ಲಿ ಅದನ್ನು ಕೈಬಿಟ್ಟಿತು. 2023ರ ನವೆಂಬರಿನಲ್ಲಿ ಆ ಸಂಸ್ಥೆ ಬ್ರಾಡ್‌ಕಾಮ್‌ನ ವಶವಾದ ಮೇಲೆ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತು, ಅವಧಿಯ ಚಂದಾ ಪದ್ಧತಿ ಬಂದಿತು. ಇದೇ ಕಾರಣಕ್ಕೆ ಬೇರೆ ಹೈಪರ್‌ವೈಸರ್‌ಗೆ ಬದಲಾಯಿಸಲು ಯೋಚಿಸುವವರು, ಹಳೆಯ ವ್ಯವಸ್ಥೆಯಲ್ಲಿ ನಡೆಯುತ್ತಿದ್ದ ಮಂಜೂರಾತಿಯ ಲೆಕ್ಕ ಹೊಸದರಲ್ಲಿ ಹಾಗೆಯೇ ನಡೆಯುತ್ತದೆಂದು ಭಾವಿಸಬಾರದು.

ಸರಬರಾಜುದಾರರಿಗೆ ಕೇಳಬೇಕಾದ ಪ್ರಶ್ನೆಗಳು

ವಾರ್ಷಿಕ ನಿರ್ವಹಣೆಯ ಒಪ್ಪಂದ ನವೀಕರಿಸುವಾಗ ಈ ಕೆಳಗಿನವುಗಳಿಗೆ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

1. ಎಲ್ಲ ಸರ್ವರ್‌ಗಳಿಗೆ ಮಂಜೂರಾದ ಒಟ್ಟು ಮೆಮೊರಿ ಎಷ್ಟು, ಯಂತ್ರದಲ್ಲಿರುವುದು ಎಷ್ಟು?
2. ಮೂಲ ಯಂತ್ರದ ಸ್ವಂತ ಬಳಕೆಗೆ ಎಷ್ಟು ಕಾದಿರಿಸಲಾಗಿದೆ?
3. ಕಳೆದ 20ನೆಯ ತಾರೀಖಿನಂದು ಸ್ವ್ಯಾಪ್‌ನ ಓಡಾಟ ಇತ್ತೇ?
4. ಎಲ್ಲ ಸರ್ವರ್‌ಗಳಲ್ಲೂ ಬಲೂನ್ ಡ್ರೈವರ್ ಇದೆಯೇ? ಯಾವುದಾದರೂ ಸರ್ವರ್‌ನ ಮೇಲೆ ಪ್ರತ್ಯೇಕ ಲಿಮಿಟ್ ಇದೆಯೇ?
5. ದತ್ತಾಂಶ ತಂತ್ರಾಂಶ ಯಾವ ಆವೃತ್ತಿಯದು, ಅದರ ಗರಿಷ್ಠ ಮೆಮೊರಿಯನ್ನು ಎಷ್ಟೆಂದು ನಿಗದಿಪಡಿಸಲಾಗಿದೆ?
6. ಮೆಮೊರಿ ಮುಗಿದರೆ ಮೊದಲು ನಿಲ್ಲುವ ಸರ್ವರ್ ಯಾವುದು?

ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದಿದ್ದರೆ ಆ ನಿರ್ಧಾರವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಂತೆ. ಯಾವ ಕೆಲಸ ನಿಂತರೂ ನಡೆಯುತ್ತದೆ, ಯಾವುದು ನಿಲ್ಲಕೂಡದು ಎಂಬುದನ್ನು ಬಲ್ಲವರು ಉದ್ದಿಮೆಯ ಒಡೆಯರೇ ಹೊರತು ಹೈಪರ್‌ವೈಸರ್ ಅಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ವ್ಯಾಪಾರಿಗಳಾದ ನಮಗೆ ಹೊಸದಲ್ಲ. ಹಾಸಿಗೆಯ ಅಳತೆ, ಕಾಲಿನ ಅಳತೆ ಎರಡನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಮೊದಲ ಕೆಲಸ. ಮುಂದಿನ 20ನೆಯ ತಾರೀಖಿಗೆ ಮುಂಚೆ ಅಷ್ಟನ್ನಾದರೂ ಮಾಡಿಟ್ಟುಕೊಂಡರೆ, ಗೇಟಿನ ಬಳಿ ಲಾರಿ ಕಾಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.